ನಲ್ಲಿಯ ನೀರು, ಊರಿನ ಮಾತು

(ಬಾನುಲಿ ಭಾಷಣ)

ಮೂವತ್ತನಾಲ್ಕು ವರ್ಷಗಳ ಕಾಲ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ಆ ಅವಧಿಯಲ್ಲಿ ಕೆರೆಗೆ ಸಂಬಂಧಪಟ್ಟ ಶಾಸನಗಳನ್ನು ವಿದ್ಯಾರ್ಥಿಗಳಿಂದ ಎಷ್ಟು ಸಲ ಓದಿಸಿದ್ದೇನೋ ಲೆಕ್ಕವಿಲ್ಲ. ಏರಿ ಎಂದರೇನು, ತೂಬು ಎಂದರೇನು, ಕೋಡಿ ಎಂದರೇನು, ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡುವವನಿಗೂ ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಕೊಡಗೆಗಳೆಂದರೇನು ಎಂಬುದನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಆದರೆ ನನ್ನ ಮನೆಯ ಎದುರಿಗಿದ್ದ ಬೀದಿ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಯಾರ ಅಪ್ಪಣೆಯಿಂದ ಬರುತ್ತದೆ, ಬಾರದ ದಿನ ಯಾರನ್ನು ಕೇಳಬೇಕು ಎಂಬುದನ್ನು ನಿವೃತ್ತನಾಗುವ ತನಕ ನಾನು ಯೋಚಿಸಿದವನಲ್ಲ. ಹಾಗೆ ಯೋಚಿಸುವ ಅಗತ್ಯ ನನಗೆ ಬಿದ್ದಿರಲಿಲ್ಲ. ಹಿತ್ತಲಿನಲ್ಲಿ ಕೊಳವೆಬಾವಿ ಇತ್ತು. ಅಂಗಳದಡಿಯಲ್ಲಿ ಸಂಪು ಇತ್ತು. ಬೆಳಗಿನ ಜಾವ ಬೀದಿಯಲ್ಲಿ ಕೊಡಗಳ ಸದ್ದು ಕೇಳಿದಾಗ ನಾನು ಕಿಟಕಿಯ ಬಾಗಿಲನ್ನು ಹಾಕಿಕೊಂಡು ಓದಿಗೆ ಕೂರುತ್ತಿದ್ದೆ. ಈ ಮಾತನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ನಿವೃತ್ತನಾದ ಮರುವರ್ಷದ ಬೇಸಿಗೆಯಲ್ಲಿ ಆ ಕೊಳವೆಬಾವಿ ಬತ್ತಿತು. ಎರಡು ದಿನ ಪಕ್ಕದ ಮನೆಯವರ ದಾಕ್ಷಿಣ್ಯದಲ್ಲಿ ಕಳೆಯಿತು. ಮೂರನೆಯ ದಿನ ನಾನೂ ಎರಡು ಪ್ಲಾಸ್ಟಿಕ್ ಕೊಡಗಳನ್ನು ಹಿಡಿದು ಬೀದಿ ನಲ್ಲಿಯ ಸಾಲಿನಲ್ಲಿ ನಿಂತೆ. ಅಲ್ಲಿದ್ದವರು ನನಗೆ ಮುಂದೆ ಜಾಗ ಬಿಟ್ಟುಕೊಡಲು ಬಂದರು. ‘ಬನ್ನಿ ಮೇಷ್ಟ್ರೇ, ನೀವು ಮೊದಲು ಹಿಡಿದುಕೊಳ್ಳಿ’ ಎಂದರು. ಆ ಮರ್ಯಾದೆಯೇ ನನ್ನನ್ನು ಹೆಚ್ಚು ನಾಚಿಸಿತು. ಅಷ್ಟು ವರ್ಷ ಇವರು ನಿಂತಿದ್ದ ಸಾಲಿಗೂ ನನ್ನ ಕಿಟಕಿಗೂ ನಡುವೆ ಇದ್ದ ದೂರ ಇಪ್ಪತ್ತು ಅಡಿ ಮಾತ್ರ.

ಆ ಸಾಲಿನಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ನಮ್ಮ ಬೀದಿಗೆ ನೀರು ಬರುವುದು ಒಬ್ಬ ಮನುಷ್ಯನ ಕೈಯಿಂದ. ಅವನು ಸೈಕಲ್ಲಿನಲ್ಲಿ ಬಂದು, ರಸ್ತೆಯ ನಡುವಿನ ಗುಂಡಿಯ ಮುಚ್ಚಳ ಎತ್ತಿ, ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವ್ ತಿರುಗಿಸುತ್ತಾನೆ. ಒಂದು ಬೀದಿಗೆ ಬಿಟ್ಟರೆ ಇನ್ನೊಂದು ಬೀದಿಗೆ ನಿಲ್ಲುತ್ತದೆ. ಕಾಗದದಲ್ಲಿ ಅವನಿಗೆ ವಾಲ್ವ್‌ಮನ್ ಎಂಬ ಹೆಸರು. ಜನರು ಕರೆಯುವುದು ನೀರುಗಂಟಿ ಎಂದು. ನನಗೆ ಆ ಪದ ಕೇಳಿ ರೋಮಾಂಚನವಾಯಿತು. ಹಳ್ಳಿಯ ಕೆರೆಯ ತೂಬನ್ನು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಧರಿಸುತ್ತಿದ್ದವನೇ ನೀರುಗಂಟಿ. ಅವನು ಊರಿನವನಾಗಿರುತ್ತಿದ್ದ, ತಪ್ಪು ಮಾಡಿದರೆ ಊರು ಅವನನ್ನು ಕೇಳುತ್ತಿತ್ತು. ಕೆರೆ ಹೋಗಿ ಕೊಳವೆ ಬಂದರೂ ಜನರ ಬಾಯಲ್ಲಿ ಪದ ಉಳಿದಿದೆ. ಆದರೆ ಅವನನ್ನು ಕೇಳುವ ಅಧಿಕಾರ ಊರಿಗೆ ಉಳಿದಿದೆಯೆ? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೂ ಇದೆ.

ಕೊಂಚ ಹಿಂದಕ್ಕೆ ಹೋಗೋಣ. ನಮ್ಮ ರಾಜಧಾನಿಯ ಕಥೆಯನ್ನೇ ತೆಗೆದುಕೊಳ್ಳಬಹುದು; ಇತರ ಊರುಗಳ ಕಥೆಯೂ ಅದೇ ಮಾರ್ಗದಲ್ಲಿ ನಡೆದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬೆಂಗಳೂರಿನ ಪೇಟೆ ಕುಡಿಯುತ್ತಿದ್ದುದು ಕಣ್ಣಿಗೆ ಕಾಣುವ ನೀರನ್ನು: ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನು, ಬಾವಿ ಕಲ್ಯಾಣಿಗಳನ್ನು. ಇಂದು ಧರ್ಮಾಂಬುಧಿಯ ಜಾಗದಲ್ಲಿ ಬಸ್ಸು ನಿಲ್ದಾಣವಿದೆ, ಸಂಪಂಗಿಯ ಜಾಗದಲ್ಲಿ ಕ್ರೀಡಾಂಗಣವಿದೆ. ಊರು ಬೆಳೆದಂತೆ ಆ ನೀರು ಸಾಲದಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಯಲ್ಲಿ ಬಂತು. 1933ರಲ್ಲಿ ಅರ್ಕಾವತಿ, ಕುಮುದ್ವತಿಗಳ ಸಂಗಮದ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಅದೂ ಸಾಲದಾಗಿ, 1974ರಲ್ಲಿ ಕಾವೇರಿಯ ಮೊದಲನೆಯ ಹಂತದ ನೀರು ಬಂತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ಆ ಐದನೆಯ ಹಂತವೊಂದರ ಪ್ರಮಾಣವೇ ದಿನಕ್ಕೆ 77.5 ಕೋಟಿ ಲೀಟರು. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಆ ನೀರನ್ನು ಏರಿಸಿ ತರಬೇಕು.

ಇದನ್ನು ಯಾವ ನಗರಸಭೆಯೂ ತಾನೊಂದೇ ಮಾಡಲಾರದು. ನದಿ ಊರಿನ ಗಡಿಯೊಳಗೆ ಹುಟ್ಟುವುದಿಲ್ಲ. ಅದಕ್ಕೆ ಅಣೆಕಟ್ಟು ಬೇಕು, ಸಾಲ ಬೇಕು, ವಿದ್ಯುತ್ತು ಬೇಕು, ನೆರೆಯ ರಾಜ್ಯದೊಡನೆ ನ್ಯಾಯ ಬೇಕು. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು ಕಾವೇರಿಯ ತೀರ್ಪು ಕೊಟ್ಟಾಗ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿ.ಎಂ.ಸಿ. ನೀರು ದೊರೆಯಿತು, ಅದರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಬಾಯಾರಿಕೆಗೆಂದು. ಅದಕ್ಕೆ ಮುಂಚೆ, 2007ರಲ್ಲಿ, ನ್ಯಾಯಾಧಿಕರಣವು ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗೆ ಬರುತ್ತದೆಂದು ಲೆಕ್ಕ ಹಾಕಿತ್ತು. ಆ ಲೆಕ್ಕವನ್ನು ತಿದ್ದಿಸಲು ವಾದಿಸಿದ್ದು ರಾಜ್ಯ ಸರಕಾರ. ನಗರವು ತನ್ನ ಬಾಯಿಂದ ಅದನ್ನು ಹೇಳುವ ಸ್ಥಾನದಲ್ಲಿರಲಿಲ್ಲ. ಆದ್ದರಿಂದ ರಾಜ್ಯದ ಕೈಯಿಂದ ನೀರನ್ನು ಕಿತ್ತು ಊರಿನ ಕೈಗೆ ಕೊಡಿ ಎಂದು ಒಂದೇ ಮಾತಿನಲ್ಲಿ ಹೇಳುವವರ ಪಕ್ಷದವನು ನಾನಲ್ಲ.

ಆದರೆ ನೀರನ್ನು ತರುವುದು ಬೇರೆ, ಹಂಚುವುದು ಬೇರೆ. ಊರಿನ ಹೊರಗಿನ ದೊಡ್ಡ ತೊಟ್ಟಿಯ ತನಕ ನೀರನ್ನು ಮುಟ್ಟಿಸುವುದು ರಾಜ್ಯದ ಸಾಹಸ. ಅಲ್ಲಿಂದ ಮುಂದೆ ಯಾವ ಬೀದಿಗೆ ಯಾವ ದಿನ, ಬೀದಿ ನಲ್ಲಿ ಉಳಿಯಬೇಕೆ ಬೇಡವೆ, ಬಡವನ ಸಂಪರ್ಕಕ್ಕೆ ಎಷ್ಟು ಠೇವಣಿ, ಹೋಟೆಲಿಗೂ ಗುಡಿಸಲಿಗೂ ಒಂದೇ ದರವೆ ಎಂಬುವು ಊರಿನ ಪ್ರಶ್ನೆಗಳು. ಇವಕ್ಕೆ ಉತ್ತರ ಕೊಡಬೇಕಾದವನು ಬೀದಿಯನ್ನು ಬಲ್ಲವನಾಗಿರಬೇಕು; ಉತ್ತರ ತಪ್ಪಾದರೆ ಬೀದಿಯ ಜನರ ಎದುರಿಗೆ ನಿಲ್ಲಬೇಕಾದವನೂ ಆಗಿರಬೇಕು.

ಕಾನೂನಿನ ಪುಸ್ತಕ ಏನು ಹೇಳುತ್ತದೆ? ನಮ್ಮ ರಾಜ್ಯದ 1964ರ ಪುರಸಭೆಗಳ ಅಧಿನಿಯಮವು ನೀರಿನ ಪೂರೈಕೆಯನ್ನು ಪುರಸಭೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿದೆ. ಅದೇ 1964ರಲ್ಲಿ ಬೆಂಗಳೂರಿನ ನೀರಿಗಾಗಿ ಪ್ರತ್ಯೇಕ ಮಂಡಲಿಯೊಂದು ರಚನೆಯಾಯಿತು. 1973ರ ಇನ್ನೊಂದು ಅಧಿನಿಯಮದಿಂದ ಉಳಿದ ಪಟ್ಟಣಗಳಿಗೂ ಒಂದು ಮಂಡಲಿ ಬಂತು. ಎರಡೂ ರಾಜ್ಯ ಸರಕಾರದ ಅಧೀನದಲ್ಲಿರುವಂಥವು. ಹೀಗೆ ಕರ್ತವ್ಯ ಪುರಸಭೆಯಲ್ಲಿ ಉಳಿಯಿತು. ಯಂತ್ರ, ಇಂಜಿನಿಯರು, ಯೋಜನೆ, ಹಣ ಎಲ್ಲವೂ ಮಂಡಲಿಗಳ ಕಡೆ ಸರಿದವು. 1979ರಲ್ಲಿ ಆಕ್ಟ್ರಾಯ್ ಸುಂಕ ರದ್ದಾಯಿತು. ಊರಿನ ನಾಕೆಯಲ್ಲಿ ಗಾಡಿಗಳನ್ನು ನಿಲ್ಲಿಸಿ ಸುಂಕ ಕೀಳುವ ಆ ಪದ್ಧತಿ ಹೋದುದಕ್ಕೆ ಅತ್ತವರು ಕಡಿಮೆ. ಆದರೆ ಅದರೊಡನೆ ಪೌರಸಂಸ್ಥೆಗಳ ಸ್ವಂತ ಸಂಪಾದನೆಯ ಒಂದು ದೊಡ್ಡ ಊರೆಗೋಲೂ ಹೋಯಿತು. ಆ ಬಳಿಕ ಅವು ಸರಕಾರದ ಅನುದಾನದ ಕಡೆ ಮುಖಮಾಡಿ ನಿಂತವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯಿದೆಯಲ್ಲ. ಈಗ ಸುಂಕದವನೇ ಇನ್ನೊಬ್ಬರ ಮುಂದೆ ತನ್ನ ಸುಖದುಃಖ ಹೇಳಿಕೊಳ್ಳಬೇಕಾಯಿತು.

1993ರ ಜೂನ್ 1ರಂದು ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿ ಜಾರಿಗೆ ಬಂತು. ನಗರಗಳ ಸ್ವರಾಜ್ಯಕ್ಕೆ ಅಡಿಗಲ್ಲು ಎಂದು ಅದನ್ನು ಸ್ವಾಗತಿಸಿದೆವು. ಹನ್ನೆರಡನೆಯ ಅನುಸೂಚಿಯಲ್ಲಿ ಹದಿನೆಂಟು ವಿಷಯಗಳಿವೆ. ಗೃಹ, ಕೈಗಾರಿಕೆ, ವಾಣಿಜ್ಯಗಳಿಗೆ ನೀರು ಒದಗಿಸುವುದು ಅವುಗಳಲ್ಲಿ ಐದನೆಯದು. ನಾನು ವ್ಯಾಕರಣ ಪಾಠ ಮಾಡಿದವನಾದ್ದರಿಂದ ನನ್ನ ಕಣ್ಣು ಕ್ರಿಯಾಪದದ ಮೇಲೆ ಬಿತ್ತು. ಐದು ವರ್ಷಕ್ಕೊಮ್ಮೆ ಚುನಾವಣೆಯ ವಿಷಯ ಬಂದಾಗ ವಿಧಿಯು ‘ತಕ್ಕದ್ದು’ ಎನ್ನುತ್ತದೆ. ಈ ಹದಿನೆಂಟು ವಿಷಯಗಳ ಅಧಿಕಾರವನ್ನು ಕೊಡುವ ಮಾತು ಬಂದಾಗ, ರಾಜ್ಯದ ವಿಧಾನಮಂಡಲವು ಕೊಡ‘ಬಹುದು’ ಎನ್ನುತ್ತದೆ. ‘ತಕ್ಕದ್ದು’ ಎಂಬುದಕ್ಕೂ ‘ಬಹುದು’ ಎಂಬುದಕ್ಕೂ ಇರುವ ಅಂತರ ತರಗತಿಯಲ್ಲಿ ಒಂದು ಅಂಕದ ಪ್ರಶ್ನೆ. ಊರಿನಲ್ಲಿ ಅದು ನಲ್ಲಿಯ ಪ್ರಶ್ನೆ.

ಹಾಗಾದರೆ ಊರಿನ ಕೈಯಲ್ಲಿ ಉಳಿದದ್ದೇನು? ಬಹುಮಟ್ಟಿಗೆ ಪರವಾನಗಿ. ಮನೆ ಕಟ್ಟಲು ಪರವಾನಗಿ, ಹೋಟೆಲಿಗೆ, ಹಿಟ್ಟಿನ ಗಿರಣಿಗೆ, ಕಲ್ಯಾಣಮಂಟಪಕ್ಕೆ ಪರವಾನಗಿ. ಪಾರಸಿಯಿಂದ ಬಂದ ಈ ಪದ ನಮ್ಮ ಕಚೇರಿಗಳಲ್ಲಿ ಬಹಳ ಸುಖವಾಗಿ ಬಾಳುತ್ತಿದೆ. ಆದರೆ ಪರವಾನಗಿಗೂ ನೀರಿಗೂ ಸಂಬಂಧವಿಲ್ಲವೆಂದು ತಿಳಿದುಕೊಂಡರೆ ಏನಾಗುತ್ತದೆಂಬುದನ್ನು ಬೆಂಗಳೂರು ನಮಗೆ ತೋರಿಸಿಕೊಟ್ಟಿದೆ. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ಮಹಾನಗರಕ್ಕೆ ಸೇರಿಸಿದರು. ಅಲ್ಲಿ ಕಟ್ಟಡಗಳೆದ್ದವು, ಅಂಗಡಿಗಳು ತೆರೆದವು. ಒಂದೊಂದಕ್ಕೂ ಯಾರೋ ಮೊಹರು ಒತ್ತಿದರು. ಆ ಹಳ್ಳಿಗಳಿಗೆಂದು ಯೋಜಿಸಿದ ಕಾವೇರಿಯ ನೀರು ಉದ್ಘಾಟನೆಯಾದದ್ದು 2024ರಲ್ಲಿ. ನಡುವಿನ ಹದಿನೇಳು ವರ್ಷ ಆ ಮನೆಗಳನ್ನು ಬಹುಮಟ್ಟಿಗೆ ಸಾಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರು. ಪರವಾನಗಿ ಕೊಟ್ಟ ಕೈ ಒಂದು, ನೀರು ಕೊಡಬೇಕಾಗಿದ್ದ ಕೈ ಇನ್ನೊಂದು.

ಅದೇ 2024ರ ಬೇಸಿಗೆಯಲ್ಲಿ ಬಾವಿಗಳು ಬತ್ತಿದಾಗ ಟ್ಯಾಂಕರಿನವರು ಕೇಳಿದ್ದೇ ಬೆಲೆಯಾಯಿತು. ಮಾರ್ಚ್ 7ರೊಳಗೆ ಟ್ಯಾಂಕರುಗಳೆಲ್ಲ ನೋಂದಣಿ ಮಾಡಿಸಿಕೊಳ್ಳಬೇಕೆಂದು ಸರಕಾರ ಗಡುವು ವಿಧಿಸಿತು. ಜಿಲ್ಲಾಡಳಿತವು ದರ ಗೊತ್ತುಮಾಡಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಒಂದು ಟ್ಯಾಂಕರನ್ನು ಹಿಡಿದು ವಿಚಾರಿಸಿ ನೋಡಿ. ಅದು ನೀರು ತುಂಬುವ ಬಾವಿ ರಾಜ್ಯದ ಅಂತರ್ಜಲ ಕಾನೂನಿಗೆ ಒಳಪಟ್ಟದ್ದು. ಅದರ ಗಾಡಿ ಸಾರಿಗೆ ಇಲಾಖೆಗೆ ಒಳಪಟ್ಟದ್ದು. ಅದರ ದರ ಜಿಲ್ಲಾಡಳಿತಕ್ಕೆ. ನೋಂದಣಿಯ ಪುಸ್ತಕ ಮಾತ್ರ ಪಾಲಿಕೆಗೆ. ಆ ಪಾಲಿಕೆಯಲ್ಲಿಯಾದರೂ ಜನ ಆರಿಸಿದವರು ಇದ್ದರೆ? 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದಿತ್ತು. ಆ ಬೇಸಿಗೆಯಲ್ಲಿ ಚುನಾಯಿತ ಸಭೆ ಇರಲಿಲ್ಲ. ಒಂದು ಗಾಡಿ ನೀರಿಗೆ ನಾಲ್ಕು ಒಡೆಯರು. ಕೊಡ ಹಿಡಿದು ನಿಂತ ಗೃಹಿಣಿ ಯಾರ ಹೆಸರು ಹಿಡಿದು ಕೂಗಬೇಕು?

ಇನ್ನೊಂದು ಬಗೆಯ ನಿದರ್ಶನ ಹುಬ್ಬಳ್ಳಿ-ಧಾರವಾಡದ್ದು. ಅಲ್ಲಿ, ಬೆಳಗಾವಿಯಲ್ಲಿ ಮತ್ತು ಕಲಬುರಗಿಯಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ರಾಜ್ಯವು ಒಂದು ಪ್ರಯೋಗ ನಡೆಸಿತು. ಆಯ್ದ ಕೆಲವು ವಾರ್ಡುಗಳಿಗೆ, ಸುಮಾರು ಹತ್ತನೆಯ ಒಂದು ಪಾಲು ಜನರಿಗೆ, 2008ರಿಂದ ಹಗಲು ರಾತ್ರಿ ನೀರು ಹರಿಯಿತು. ಅದು ಸಾಮಾನ್ಯ ಸಾಧನೆಯಲ್ಲ. ನಮ್ಮ ಊರುಗಳಲ್ಲಿ ಇದು ಆಗದ ಮಾತು ಎಂಬ ಭ್ರಮೆಯನ್ನು ಅದು ಹರಿಯಿತು. ಆದರೆ ಅದೇ ಊರಿನ ಉಳಿದ ಬಡಾವಣೆಗಳವರು ಹಲವು ದಿನಗಳಿಗೊಮ್ಮೆ ಬರುವ ನೀರಿಗೆ ಕಾಯುತ್ತಲೇ ಇದ್ದರು. ಮೊದಲು ಯಾರಿಗೆ, ಆಮೇಲೆ ಯಾರಿಗೆ ಎಂಬುದು ಇಂಜಿನಿಯರ ನಕ್ಷೆಯಿಂದ ಮಾತ್ರ ತೀರ್ಮಾನವಾಗುವ ಸಂಗತಿಯೆ? ಊರು ಕುಳಿತು ವಾದಿಸಿ ಒಪ್ಪಬೇಕಾದ ಸಂಗತಿಯೆ? ಎರಡನೆಯದೆಂದು ನಾನು ನಂಬಿದ್ದೇನೆ.

ರಾಜ್ಯದ ಕಡೆಯವರಿಗೂ ಹೇಳಲು ಮಾತಿದೆ. ಅದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ನಮ್ಮ ಪಟ್ಟಣದ ಲೆಕ್ಕವನ್ನೇ ನಾನು ಬಲ್ಲೆ. ನೀರೆತ್ತುವ ಪಂಪಿನ ವಿದ್ಯುತ್ ಹಣ ಬಾಕಿ. ನೀರಿನ ಕಂದಾಯ ಬಾಕಿ. ದರ ಏರಿಸುವ ವಿಷಯ ಬಂದ ಸಭೆಗೆ ಸದಸ್ಯರಲ್ಲಿ ಅರ್ಧ ಜನ ಬರುವುದಿಲ್ಲ. ಅನಧಿಕೃತ ಸಂಪರ್ಕಗಳನ್ನು ಕತ್ತರಿಸಲು ಹೊರಟವನಿಗೆ ಅರ್ಧ ದಾರಿಯಲ್ಲಿ ದೂರವಾಣಿ ಕರೆ ಬರುತ್ತದೆ. ಇಂಥವರ ಕೈಗೆ ನೀರು ಕೊಡಿ ಎನ್ನುತ್ತೀರಾ ಎಂದು ಅಧಿಕಾರಿಗಳು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ಆದರೂ ನನಗೊಂದು ಸಂದೇಹ. ಅಧಿಕಾರವಿಲ್ಲದವನಿಗೆ ಹೊಣೆಗಾರಿಕೆ ಬರುವುದು ಹೇಗೆ? ಈಜು ಬರುವ ತನಕ ನೀರಿಗೆ ಇಳಿಯಬೇಡ ಎಂದಂತಲ್ಲವೆ ಅದು?

ಈಗ ನಮ್ಮ ಊರಿನ ಕಥೆಗೆ ಬರುತ್ತೇನೆ. ನಾನು ನಲ್ಲಿಯ ಸಾಲಿನಲ್ಲಿ ನಿಂತ ವರ್ಷವೇ ನಮ್ಮ ಪೌರಸಂಸ್ಥೆಗೆ ಮೇಲಿನಿಂದ ಒಂದು ಪತ್ರ ಬಂತು. ಊರಿನೊಳಗಿನ ನೀರಿನ ವಿತರಣೆಯನ್ನು ಹೊರಗಿನ ಸಂಸ್ಥೆಯೊಂದಕ್ಕೆ ವಹಿಸುವ ಯೋಜನೆ; ಅದಕ್ಕೆ ಸಭೆಯ ಒಪ್ಪಿಗೆ ಬೇಕು; ಹದಿನೈದು ದಿನ ಅವಧಿ. ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡವನ್ನು ಆಡಳಿತ ಭಾಷೆಯೆಂದು ಕಾನೂನು ಮಾಡಿದ್ದು 1963ರಲ್ಲಿ ಎಂಬುದನ್ನು ಕೇಳುಗರು ನೆನಪಿಟ್ಟುಕೊಳ್ಳಬೇಕು. ಸದಸ್ಯೆಯೊಬ್ಬರು, ನನ್ನ ಹಳೆಯ ವಿದ್ಯಾರ್ಥಿನಿ, ಆ ಕಾಗದಗಳ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟರು. ‘ಮೇಷ್ಟ್ರೇ, ಇದರಲ್ಲಿ ಏನಿದೆ ಅಂತ ತಿಳಿಯದೆ ನಾನು ಕೈ ಎತ್ತಬೇಕಂತೆ’ ಎಂದರು.

ಮೂರು ರಾತ್ರಿ ಕುಳಿತು ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಕೊನೆಯ ಪುಟಕ್ಕೆ ಬಂದಾಗ ನನ್ನ ಲೇಖನಿ ನಿಂತಿತು. ಅಲ್ಲಿ ಸಭೆ ಅಂಗೀಕರಿಸಬೇಕಾದ ನಿರ್ಣಯದ ಮಾದರಿಯನ್ನೇ ಅಚ್ಚು ಮಾಡಿ ಕಳಿಸಿದ್ದರು. ಊರಿನ ಹೆಸರಿಗೆ ಒಂದು ಖಾಲಿ ಜಾಗ, ತಾರೀಖಿಗೆ ಒಂದು ಖಾಲಿ ಜಾಗ. ಉಳಿದುದೆಲ್ಲ ತುಂಬಿತ್ತು. ‘ಸರ್ವಾನುಮತದಿಂದ’ ಎಂಬ ಪದವೂ ಅಚ್ಚಾಗಿಯೇ ಬಂದಿತ್ತು. ಊರಿನ ಅಭಿಪ್ರಾಯವೆಂದು ಕರೆಯುವುದರಲ್ಲಿ ಊರು ಬರೆಯಬೇಕಾಗಿದ್ದದ್ದು ತನ್ನ ಹೆಸರನ್ನು ಮಾತ್ರ.

ಆ ಸಭೆಗೆ ನಾನು ಪ್ರೇಕ್ಷಕನಾಗಿ ಹೋದೆ. ಅಷ್ಟು ವಯಸ್ಸಾದರೂ ಆ ಕಟ್ಟಡದ ಮೆಟ್ಟಿಲು ಹತ್ತಿದ್ದು ಕಂದಾಯ ಕಟ್ಟಲು ಮಾತ್ರ. ಸಭೆ ನೋಡಿದ್ದು ಅದೇ ಮೊದಲು. ಸಂಕ್ಷಿಪ್ತವಾಗಿ ಪತ್ರ ಓದಿದರು. ‘ಒಪ್ಪಿಗೆಯೆ?’ ಎಂದು ಕೇಳಿದರು. ಕೈಗಳು ಏಳುವ ಹೊತ್ತಿಗೆ ಆ ಹೆಣ್ಣುಮಗಳು ಎದ್ದು ನಿಂತು, ‘ನಾಳೆ ನೀರು ಬರದಿದ್ದರೆ ಜನ ಬಂದು ಬಾಗಿಲು ಬಡಿಯೋದು ಯಾರ ಮನೆಗೆ? ಆ ಸಂಸ್ಥೆಯವರ ಮನೆ ಈ ಊರಲ್ಲಿ ಇದೆಯೆ?’ ಎಂದು ಕೇಳಿದರು. ಕೊಠಡಿ ನಿಶ್ಶಬ್ದವಾಯಿತು. ಯೋಜನೆಯನ್ನು ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹಳೆಯ ಕೊಳವೆಗಳು ಸೋರುತ್ತಿದ್ದುದು ನಿಜ, ಹೊಸ ಕೊಳವೆ ಬೇಕಾಗಿದ್ದುದೂ ನಿಜ. ಒಂದೂವರೆ ಗಂಟೆ ಚರ್ಚೆ ನಡೆದು, ಅಚ್ಚಾದ ನಿರ್ಣಯದ ಕೆಳಗೆ ಕೈಬರಹದಲ್ಲಿ ಮೂರು ಸಾಲುಗಳು ಸೇರಿದವು. ಯಾವ ಬೀದಿಗೆ ಯಾವ ದಿನ ನೀರೆಂಬ ಪಟ್ಟಿಯನ್ನು ಸಭೆಯೇ ಒಪ್ಪಬೇಕು. ಸಭೆಯ ಅನುಮತಿಯಿಲ್ಲದೆ ಒಂದು ಬೀದಿ ನಲ್ಲಿಯನ್ನೂ ತೆಗೆಯಕೂಡದು. ಆರು ತಿಂಗಳಿಗೊಮ್ಮೆ ನೀರಿನ ಲೆಕ್ಕವನ್ನು ಕನ್ನಡದಲ್ಲಿ ಸಭೆಯ ಮುಂದೆ ಓದಬೇಕು. ‘ಸರ್ವಾನುಮತದಿಂದ’ ಎಂಬ ಪದವನ್ನು ಹಾಗೆಯೇ ಬಿಟ್ಟರು. ಅಂದು ಅದು ಸತ್ಯವಾಗಿತ್ತು.

ಇದರಿಂದ ಮಹತ್ತಾದದ್ದೇನೋ ಸಾಧಿಸಿದೆವೆಂದು ನಾನು ಹೇಳಲಾರೆ. ಮೊದಲನೆಯ ಸಾಲಿಗೆ ಇಂದಿಗೂ ಉತ್ತರವಿಲ್ಲ. ಲೆಕ್ಕವನ್ನು ಒಂದು ಸಲ ಓದಿದರು, ಆಮೇಲೆ ಓದಲಿಲ್ಲ. ಬೀದಿ ನಲ್ಲಿಗಳು ಮಾತ್ರ ಉಳಿದವು. ಕೊಳವೆ ಹಾಕಲು ಬಂದ ಕೆಲಸಗಾರರು ನಮ್ಮ ಬೀದಿಯ ನಲ್ಲಿಯನ್ನು ಕೀಳಲು ಕೈಹಾಕಿದಾಗ ಸಾಲಿನಲ್ಲಿದ್ದ ಒಬ್ಬ ಅಜ್ಜಿ, ‘ಠರಾವು ಆಗಿದೆ ಕಣಪ್ಪ, ಕೇಳಿಕೊಂಡು ಬಾ’ ಎಂದರಂತೆ. ಅವರು ಕೇಳಿಕೊಂಡು ಬರಲು ಹೋದರು. ಮತ್ತೆ ಅದರ ತಂಟೆಗೆ ಬರಲಿಲ್ಲ. ಓದು ಬಾರದ ಆ ಹೆಂಗಸಿಗೆ ಪುರಸಭೆಯ ನಿರ್ಣಯದ ಬೆಲೆ ತಿಳಿದಿತ್ತು. ಅಷ್ಟು ವರ್ಷ ಶಾಸನಗಳನ್ನು ಓದಿಸಿದ ನನಗೆ ತಿಳಿದಿರಲಿಲ್ಲ.

ಕಲ್ಲಿನ ಮೇಲೆ ಕೊರೆದ ಆ ಹಳೆಯ ಶಾಸನಗಳೂ ಒಂದು ರೀತಿಯಲ್ಲಿ ಊರಿನ ನಿರ್ಣಯಗಳೇ. ಕೆರೆ ಯಾರದು, ಕಾಯುವವನು ಯಾರು, ಅವನಿಗೆ ಸಲ್ಲಬೇಕಾದದ್ದೇನು ಎಂಬುದನ್ನು ಎಲ್ಲರೂ ಕಾಣುವ ಜಾಗದಲ್ಲಿ, ಆ ಸೀಮೆಯ ನುಡಿಯಲ್ಲಿ ನಿಲ್ಲಿಸಿದರು. ಆ ಕಾಲದಲ್ಲಿ ಎಲ್ಲವೂ ನ್ಯಾಯವಾಗಿತ್ತೆಂದು ನಾನು ಹೇಳುತ್ತಿಲ್ಲ. ಕೆರೆಯ ಮೆಟ್ಟಿಲಿಗೆ ಎಲ್ಲರನ್ನೂ ಬಿಡದಿದ್ದ ಊರುಗಳೂ ಇವೇ. ಆದುದರಿಂದಲೇ ಇಂದಿನ ಚುನಾಯಿತ ಸಭೆ ಹಳೆಯ ಊರೊಟ್ಟಿಗಿಂತ ಮೇಲು. ಅಲ್ಲಿ ಆ ಸದಸ್ಯೆ ಎದ್ದು ನಿಂತು ಕೇಳಬಲ್ಲರು.

ನೀರನ್ನು ದೂರದಿಂದ ತರುವ ಕೆಲಸದಲ್ಲಿ ರಾಜ್ಯಕ್ಕೆ ಕೃತಜ್ಞರಾಗಿರೋಣ. ಆದರೆ ನೀತಿಯ ಕರಡು ಹೊರಟಾಗ ಅದು ನಮ್ಮ ನುಡಿಯಲ್ಲಿ, ಓದಿ ವಿಚಾರಮಾಡಲು ಸಾಕಷ್ಟು ಅವಧಿಯೊಡನೆ ಊರಿಗೆ ಬರಲಿ ಎಂದು ಕೇಳೋಣ. ಬಂದ ಮೇಲೆ ಊರು ತನ್ನ ಮಾತನ್ನು ತಾನೇ ಬರೆಯಲಿ. ಕಟ್ಟಡಕ್ಕೆ, ಟ್ಯಾಂಕರಿಗೆ ಪರವಾನಗಿ ಕೊಡುವ ಸಭೆಯು ಅದಕ್ಕೆ ನೀರೆಲ್ಲಿಂದ ಎಂದು ಕೇಳುವ ಅಧಿಕಾರವನ್ನೂ ಪಡೆಯಲಿ. ನನ್ನಂತಹ ಓದುಬರಹ ಬಲ್ಲವರು ತಿಂಗಳಿಗೊಮ್ಮೆಯಾದರೂ ಆ ಸಭೆಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂರೋಣ. ನಾನೀಗ ತಪ್ಪದೆ ಹೋಗುತ್ತಿದ್ದೇನೆ. ಬೆಳಗಿನ ಜಾವ ಕೊಡಗಳ ಸದ್ದಾದಾಗ ಈಗ ಕಿಟಕಿಯನ್ನು ಹಾಕಿಕೊಳ್ಳುವುದಿಲ್ಲ.